ಕಲಿಸುವವರು ಕಲಿತ ಬಗೆ



ಶಿರಸಿ ಸೀಮೆಯ ವಾನಳ್ಳಿಯ ಕಡೆಗೆ ಮಳೆಗಾಲದಲ್ಲಿ ಬಂದವರಿಗೆ, ಅಡಿಕೆ ತೋಟಗಳ ಅಂಚಿನಲ್ಲಿ ದೂರದೂರ ಚದುರಿರುವ ಮನೆಗಳಿಂದ ಹೊರಟು, ಹಳ್ಳದ ಸಂಕ ದಾಟಿ, ಕನ್ನಡ ಶಾಲೆಯ ಒಂದೇ ಕೋಣೆಯಲ್ಲಿ ಕೂಡುವ ಹತ್ತಾರು ಮಕ್ಕಳನ್ನೂ, ನಾಲ್ಕು ಇಯತ್ತೆಗಳ ಆ ಮಕ್ಕಳಿಗೆಲ್ಲ ಒಬ್ಬರೇ ಆದ ಮಾಸ್ತರರನ್ನೋ ಅಕ್ಕೋರನ್ನೋ ಕಾಣುವುದು ಹೊಸತೇನಲ್ಲ. ಇವರಿಗೆ ಕಲಿಸುವ ವಿದ್ಯೆಯನ್ನು ಕಲಿಸಿದವರು ಯಾರು, ಎಲ್ಲಿ, ಯಾವ ಬಗೆಯಿಂದ ಎಂಬ ವೃತ್ತಾಂತವನ್ನು ಈ ಹೊತ್ತು ನಿವೇದಿಸಬೇಕೆಂದಿದ್ದೇನೆ.

ಪೂರ್ವದಲ್ಲಿ ಊರ ಜಗಲಿಯ ಮೇಲೆ ನಡೆಯುತ್ತಿದ್ದ ಗಾವಠಿ ಶಾಲೆಯ ಐಗಳಿಗೆ, ಎಂದರೆ ಗುರುಗಳಿಗೆ, ಯಾವ ತರಬೇತಿಯೂ ಇರಲಿಲ್ಲ. ಮರಳ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಹೇಳಿಸಿ, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಅವರ ರೀತಿ ಒರಟಾಗಿದ್ದಿರಬಹುದು. ಆದರೆ ಅಂಥದೇ ದೇಶೀಯ ರೂಢಿಯನ್ನು ಮದರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿಯು ತನ್ನ ಅನಾಥಾಲಯದ ಶಾಲೆಯಲ್ಲಿ ಅದನ್ನು ಪ್ರಯೋಗಿಸಿ, 1797ರಲ್ಲಿ ಪುಸ್ತಕವಾಗಿ ಪ್ರಕಟಿಸಿ, ಇಂಗ್ಲೆಂಡಿನ ಶಾಲೆಗಳಿಗೇ ಮಾದರಿಯಾಗಿಸಿದನೆಂಬುದನ್ನು ನಾವು ಮರೆಯಲಾಗದು.

1854ರ ವುಡ್ ಮಹಾಶಯನ ಶಾಸನಪತ್ರವು ಶಿಕ್ಷಕರನ್ನು ಸಿದ್ಧಗೊಳಿಸುವ ಶಾಲೆಗಳನ್ನು ತೆರೆಯಬೇಕೆಂದು ವಿಧಿಸಿತು. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯು ಮದರಾಸು ಪ್ರಾಂತವನ್ನು ಬಿಟ್ಟು ಮುಂಬಯಿಗೆ ಸೇರಿದಂದಿನಿಂದ, ಇಲ್ಲಿಯ ಮಾಸ್ತರಿಕೆಯ ಹಾದಿ ಯಲ್ಲಾಪುರ, ಕಲಘಟಗಿಗಳನ್ನು ಹಾದು ಧಾರವಾಡಕ್ಕೆ ಹೊರಳಿತು. ಅಲ್ಲಿಯ ನಾರ್ಮಲ್ ಸ್ಕೂಲ್ ಎಂಬ ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು, ಮರಾಠಿಯ ಪ್ರಾಬಲ್ಯವಿದ್ದ ಆ ಕಾಲದಲ್ಲಿ ಕನ್ನಡದಲ್ಲಿ ಕಲಿಸಬಲ್ಲವರನ್ನು ಕನ್ನಡದಲ್ಲಿಯೇ ತಯಾರಿಸಿದರು; ಈ ಭಾಗದಲ್ಲಿ ಕನ್ನಡವು ಶಾಲೆಯ ಭಾಷೆಯಾಗಿ ಉಳಿದುದರ ಋಣ ಬಹುಮಟ್ಟಿಗೆ ಅವರದೆಂದೇ ನನ್ನ ನಂಬುಗೆ. ಶಿಕ್ಷಕರಿಗಾಗಿಯೇ 1865ರಲ್ಲಿ ಹೊರಟ ‘ಮಠಪತ್ರಿಕೆ’ಯು ಇಂದಿನ ‘ಜೀವನ ಶಿಕ್ಷಣ’ದ ಮೂಲ.

ಪ್ರಾಥಮಿಕ ಶಾಲೆಯ ಕಡೆಯ ಪರೀಕ್ಷೆಯಾದ ಮುಲ್ಕಿಯನ್ನು ಪಾಸಾದ ತರುಣನು ಮೊದಲು ಹಳ್ಳಿಯ ಶಾಲೆಯಲ್ಲಿ ಕೆಲಸಕ್ಕೆ ನಿಂತು, ತರುವಾಯ ಸರತಿ ಬಂದಾಗ ಟ್ರೇನಿಂಗ್ ಕಾಲೇಜಿಗೆ ಹೋಗುವುದು ಬಹುಕಾಲ ನಡೆದುಬಂದ ಪದ್ಧತಿಯಾಗಿತ್ತು. ಅಲ್ಲಿ ಅವನು ವ್ಯಾಕರಣ, ಗಣಿತ, ಭೂಗೋಲಗಳನ್ನು ಮತ್ತೊಮ್ಮೆ ಓದಿ, ಪಾಠದ ಟಾಚಣ ಬರೆದು, ಗುರುಗಳೂ ಸಹಪಾಠಿಗಳೂ ಹಿಂದೆ ಕುಳಿತು ನೋಡುತ್ತಿರಲು, ಕಾಲೇಜಿಗೆ ಹೊಂದಿದ ಅಭ್ಯಾಸಶಾಲೆಯ ಮಕ್ಕಳಿಗೆ ಪಾಠ ಹೇಳಬೇಕಾಗಿತ್ತು. ಆದರೆ ಆ ಪಾಠವು ಒಂದು ವರ್ಗಕ್ಕೆ ಒಂದೇ ವಿಷಯದ ಪಾಠ. ಊರಿಗೆ ಮರಳಿದಾಗ ಎದುರಾಗುತ್ತಿದ್ದುದು ನಾಲ್ಕು ವರ್ಗಗಳ ಒಂದೇ ಕೋಣೆ. ಈ ಅಂತರವನ್ನು ನಾನು ಅಲ್ಪವೆಂದು ಎಣಿಸಲಾರೆ.

1937ರಲ್ಲಿ ವರ್ಧಾದಲ್ಲಿ ಗಾಂಧೀಜಿಯವರು ಮೂಲಶಿಕ್ಷಣವನ್ನು ಸಾರಿದ ಮೇಲೆ ತಕಲಿಯೂ ಚರಕವೂ ತರಬೇತಿಯೊಳಗೆ ಬಂದವು. ಏಕೀಕರಣದ ತರುವಾಯ ಟಿ.ಸಿ.ಎಚ್., ಆಮೇಲೆ ಡಿ.ಇಡಿ., ಈಗ ಡಿ.ಎಲ್.ಇಡಿ. ಎಂದು ಆ ತರಬೇತಿಯ ಹೆಸರುಗಳು ಬದಲಾದವು. 1986ರ ಶಿಕ್ಷಣ ನೀತಿಯ ಫಲವಾದ ಡಯಟ್ ಎಂಬ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಕುಮಟೆಯಲ್ಲಿ ನೆಲೆಗೊಂಡು, ಘಟ್ಟದ ಮೇಲಿನವರಿಗೂ ಧಾರವಾಡದ ದೂರ ತಗ್ಗಿತು.

ಒಂದೇ ಕೋಣೆಯ ಪ್ರಶ್ನೆಗೆ ಉತ್ತರ ಬಂದುದು ಮಾತ್ರ ಕಾಲೇಜಿನಿಂದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಿಕ್ಷಕರು, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ಕಣ್ಣಾರೆ ಕಂಡು ಬಂದು, ಮಕ್ಕಳು ಗುಂಪುಗುಂಪಾಗಿ ಕುಳಿತು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿಯನ್ನೇರುವ ‘ನಲಿಕಲಿ’ಯನ್ನು ರೂಪಿಸಿದರು. ಅಲ್ಲಿ ಬಲ್ಲ ಮಗು ಅರಿಯದ ಮಗುವಿಗೆ ಹೇಳಿಕೊಡುವುದನ್ನು ನೋಡಿದಾಗ, ಐಗಳ ಜಗಲಿಯು ಬೆತ್ತವನ್ನು ಬಿಟ್ಟು ಹಿಂದಿರುಗಿತೋ ಎಂದು ನನಗೆ ಹರ್ಷವಾಯಿತು.

2020ರ ಶಿಕ್ಷಣ ನೀತಿಯು ಈಗ ಶಿಕ್ಷಕರಾಗುವವರಿಗೆ ನಾಲ್ಕು ವರುಷಗಳ ಸಮಗ್ರ ಪದವಿಯನ್ನು ಮುಂದಿಟ್ಟಿದೆ. ಆ ಪಠ್ಯಕ್ರಮವನ್ನು ರಚಿಸುವ ವಿದ್ವಾಂಸರಲ್ಲಿ ನನ್ನದೊಂದೇ ವಿನಂತಿ: ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯನ್ನೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಯಾವುದಾದರೊಂದು ಏಕೋಪಾಧ್ಯಾಯ ಶಾಲೆಗೆ ಒಂದು ಮಳೆಗಾಲದ ಮಟ್ಟಿಗೆ ಕಳುಹಿಸಿರಿ. ಅವರ ಊಟಕ್ಕೂ ವಸತಿಗೂ ನಮ್ಮ ಮನೆಗಳಲ್ಲಿ ಕೊರತೆಯಾಗದು.