ಪುಟ್ಟ ದೇಶಕ್ಕೊಂದು ರಜೆ

ಮುಂಬಯಿ ಕನ್ನಡಿಗರಿಗೆ, ಅದರಲ್ಲೂ ಕರಾವಳಿಯವರಿಗೆ, ರಜೆ ಎಂದರೆ ಊರು. ಮೇ ತಿಂಗಳು ಬಂತೆಂದರೆ ಮತ್ಸ್ಯಗಂಧ ರೈಲಿನ ಟಿಕೆಟಿಗೆ ಪರದಾಟ. ಊರು ಸೇರಿ ಮದುವೆ, ಗೃಹಪ್ರವೇಶ, ನೇಮ, ಜಾಗದ ತಕರಾರು ಎಲ್ಲ ಮುಗಿಸುವಷ್ಟರಲ್ಲಿ ರಜೆಯೂ ಮುಗಿದಿರುತ್ತದೆ. ಒಂದು ಸಲವಾದರೂ ನಾವಿಬ್ಬರೇ ಬೇರೆ ಕಡೆ ಹೋಗೋಣವೆಂದು ನಮ್ಮ ಮನೆಯಲ್ಲಿ ಮಾತು ಬಂದಾಗ ನಾನು ಭೂತಾನದ ಹೆಸರು ಹೇಳಿದೆ. ಖರ್ಚು ಬರೆಯುತ್ತ ಕುಳಿತಿದ್ದ ನನ್ನಾಕೆ ತಲೆಯೆತ್ತಿ, "ರೂಮಿನ ಬಾಡಿಗೆ ಬೇರೆ, ಊಟ ಬೇರೆ. ಅದರ ಮೇಲೆ ಸರ್ಕಾರಕ್ಕೆ ರಾತ್ರಿಗೆ ತಲಾ 1,200 ರೂಪಾಯಿ ಯಾಕೆ ಕೊಡುವುದು ಮಾರಾಯ್ರೆ?" ಎಂದು ಕೇಳಿದಳು.

ನ್ಯಾಯವಾದ ಪ್ರಶ್ನೆಯೇ. ಹಿಂದೆ ಭಾರತೀಯರಿಗೆ ಈ ಶುಲ್ಕ ಇರಲಿಲ್ಲ. ಕೊರೋನಾ ನಂತರ 2022ರ ಸೆಪ್ಟೆಂಬರಿನಲ್ಲಿ ಗಡಿ ಮತ್ತೆ ತೆರೆದಾಗಿನಿಂದ ಇದೆ. ಇಬ್ಬರು ಐದು ರಾತ್ರಿ ಉಳಿದರೆ 12,000 ರೂಪಾಯಿ. ಮಧ್ಯಮ ವರ್ಗದ ನಮಗೆ ಅದು ಸಣ್ಣ ಮೊತ್ತವಲ್ಲ.

ಆದರೆ ಕೊಡುವುದು ಯಾವುದಕ್ಕೆ ಎಂದು ನೋಡೋಣ. ಭೂತಾನದ ವಿಸ್ತೀರ್ಣ ನಮ್ಮ ಕರ್ನಾಟಕದ ಐದನೆಯ ಒಂದು ಪಾಲು. ಜನಸಂಖ್ಯೆ ಎಂಟು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ಮುಂಬಯಿ ಒಂದರಲ್ಲೇ 1.24 ಕೋಟಿ ಜನರಿದ್ದರು! ದೇಶದ ನೆಲದಲ್ಲಿ ಶೇಕಡಾ 60ರಷ್ಟಾದರೂ ಕಾಡು ಎಂದೆಂದಿಗೂ ಉಳಿಯಬೇಕೆಂದು 2008ರ ಸಂವಿಧಾನದಲ್ಲೇ ಬರೆದಿಟ್ಟಿದ್ದಾರೆ. 7,570 ಮೀಟರ್ ಎತ್ತರದ ಗಾಂಗ್‌ಖರ್ ಪುಯೆನ್‌ಸುಮ್ ಶಿಖರವನ್ನು ಇದುವರೆಗೆ ಯಾರೂ ಏರಿಲ್ಲ. 2003ರಿಂದ ಪರ್ವತಾರೋಹಣಕ್ಕೇ ಅಲ್ಲಿ ನಿಷೇಧ. ರಾಜಧಾನಿ ಥಿಂಪುವಿನ ಮುಖ್ಯ ವೃತ್ತದಲ್ಲಿ ಸಿಗ್ನಲ್ ದೀಪವಿಲ್ಲ, ಪೊಲೀಸರ ಕೈಸನ್ನೆಯೇ ಸಾಕು. ಪಾರೋ ಕಣಿವೆಯ ಕಡಿದಾದ ಬಂಡೆಗೆ ಅಂಟಿಕೊಂಡಂತಿರುವ ತಕ್ತ್‌ಸಾಂಗ್ ಮಠಕ್ಕೆ ಎರಡು ಮೂರು ಗಂಟೆ ಕಾಲ್ನಡಿಗೆಯಲ್ಲೇ ಹತ್ತಬೇಕು; ಕುದುರೆಯೂ ಅರ್ಧ ದಾರಿವರೆಗೆ ಮಾತ್ರ.

ಈ ಮಾತು ನಮಗೆ ಹೊಸತಲ್ಲ. ಮಾಥೆರಾನಿಗೆ ಹೋದವರಿಗೆ ಗೊತ್ತು: ದಸ್ತೂರಿ ನಾಕೆಯಲ್ಲಿ ಕಾರು ಬಿಟ್ಟು, ಪ್ರವೇಶ ಶುಲ್ಕ ಕೊಟ್ಟು, ಕೆಂಪು ಮಣ್ಣಿನ ದಾರಿಯಲ್ಲಿ ಮುಂದೆ ಹೋಗಬೇಕು. ಆ ನಿರ್ಬಂಧಕ್ಕೆ ಗೊಣಗುವವರೂ ಹಾರ್ನಿಲ್ಲದ ಆ ಮೌನಕ್ಕಾಗಿಯೇ ಮತ್ತೆ ಹೋಗುತ್ತಾರೆ. ಪುಟ್ಟ ಜಾಗಕ್ಕೆ ದೊಡ್ಡ ಜನಸಂದಣಿ ತಡೆಯದು. ನಮ್ಮ ಕೊಡಗಿನಲ್ಲಿ ಸಾಲು ರಜೆ ಬಂದರೆ ವಾಹನಗಳ ಸಾಲು ಎಷ್ಟು ಉದ್ದವಿರುತ್ತದೆ ನೀವೇ ನೋಡಿದ್ದೀರಿ. ‘ಇಷ್ಟು ಸಾಕು’ ಎನ್ನಬಲ್ಲ ಊರಿನಲ್ಲಿಯೇ ಪ್ರವಾಸಿಗೂ ನೆಮ್ಮದಿ.

ಹಾಗೆಂದು ಭೂತಾನವನ್ನು ಸ್ವರ್ಗವೆಂದು ತಿಳಿಯಬೇಡಿ. ‘ರಾಷ್ಟ್ರೀಯ ಸಂತೋಷ’ವನ್ನು ಅಳೆಯುವ ಆ ದೇಶದಿಂದಲೂ ಕೆಲಸ, ಓದು ಹುಡುಕುತ್ತ ಸಾವಿರಾರು ಯುವಕರು ಆಸ್ಟ್ರೇಲಿಯಾಕ್ಕೆ ಹೊರಟಿದ್ದಾರೆ. ಹೊಟ್ಟೆಪಾಡಿಗೆಂದು ಊರು ಬಿಟ್ಟು ಈ ಮುಂಬಯಿಗೆ ಬಂದವರ ಮಕ್ಕಳು ನಾವು. ಆ ಮನೆಗಳ ಹಿರಿಯರ ಸಂಕಟ ನಮಗೆ ಅರ್ಥವಾಗುತ್ತದೆ. ಹಾಗಾಗಿ ಅಲ್ಲಿ ಪ್ರವಾಸಿ ಬಿಡುವ ಹಣ ದಂಡವಲ್ಲ, ಅಲ್ಲೇ ಉಳಿಯಲು ಬಯಸುವ ಹುಡುಗರ ದುಡಿಮೆಗೂ ಆಸರೆ.

ಹೊರಡುವವರಿಗೆ ಒಂದೆರಡು ಸೂಚನೆ. ಭಾರತೀಯರಿಗೆ ವೀಸಾ ಬೇಡ, ಆದರೆ ಪ್ರವೇಶ ಪರವಾನಗಿ ಬೇಕು. ಅದಕ್ಕೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಿ. ಆಧಾರ್ ನಂಬಿ ಹೋಗಬೇಡಿ. ಆರು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ, ಆರರಿಂದ ಹನ್ನೆರಡರವರಿಗೆ ಅರ್ಧ. ಪಾರೋಗೆ ವಿಮಾನವಿದೆ. ರೈಲಾದರೆ ನ್ಯೂ ಜಲ್ಪಾಯ್‌ಗುಡಿ ದಾಟಿ ಹಾಸಿಮಾರಾದಲ್ಲಿ ಇಳಿದು ಜಯಗಾಂವ್ ಸೇರಿದರೆ, ಗಡಿಯಾಚೆಗೇ ಫುಂಟ್‌ಶೋಲಿಂಗ್. ಅಲ್ಲಿಯ ಙುಲ್ಟ್ರಂ ನಮ್ಮ ರೂಪಾಯಿಗೆ ಸಮ. ಮಳೆಗಾಲ ಬಿಡಿ, ಅಕ್ಟೋಬರ್, ನವೆಂಬರ್ ಒಳ್ಳೆಯದು. ಎಮಾ ದತ್ಶಿ ಎಂಬ ಚೀಸ್ ಹಾಕಿದ ಪಲ್ಯದಲ್ಲಿ ಮೆಣಸಿನಕಾಯಿಯೇ ತರಕಾರಿ. ನಮ್ಮ ಕರಾವಳಿಯ ನಾಲಿಗೆಗೂ ಅದು ಪರೀಕ್ಷೆಯೇ!

ಇಷ್ಟೆಲ್ಲ ಕೇಳಿದ ಮೇಲೆ ನನ್ನಾಕೆ 12,000ವನ್ನು ಪಟ್ಟಿಯಿಂದ ಹೊಡೆದು ಹಾಕಲಿಲ್ಲ. ಬದಲಿಗೆ, ಸಾಮಾನು ಖರೀದಿಗೆಂದು ಬರೆದಿದ್ದ ಮೊತ್ತವನ್ನು ಅರ್ಧ ಮಾಡಿದಳು. ಬರುವ ಅಕ್ಟೋಬರಿಗೆ ಹೊರಡುವುದೆಂದು ಆಗಿದೆ. ಊರಿನವರಿಗೆ ಇನ್ನೂ ಹೇಳಿಲ್ಲ. ನಿಮಗೆ ಮಾತ್ರ ಹೇಳಿದ್ದೇನೆ.