ಊಟದ ಪಂಕ್ತಿಯಲ್ಲಿ ಕೊನೆಯವನು



ಇಲ್ಲಿ ಹಲವರಿಗೆ ನಾನು ‘ನೀರಾನೆ’ ಎಂದೇ ಪರಿಚಯ. ತುತ್ತಿಗೊಂದು ಗುಟುಕು ನೀರು ಕುಡಿಯುತ್ತಿದ್ದೆನಲ್ಲ, ಅದಕ್ಕೆ ಬಿದ್ದ ಹೆಸರು. ಮುದ್ದೆಯನ್ನು ಸಾರಿನಲ್ಲಿ ಅದ್ದಿ ಹೇಗೋ ಜಾರಿಸುತ್ತಿದ್ದೆ. ಚಪಾತಿ, ಚಿತ್ರಾನ್ನ ಎದೆಯಲ್ಲೇ ನಿಂತುಬಿಡುತ್ತಿದ್ದವು. ಬೆಲ್ ಹೊಡೆದರೂ ನನ್ನ ಡಬ್ಬಿ ಖಾಲಿಯಾಗುತ್ತಿರಲಿಲ್ಲ. ಅದು ಅಭ್ಯಾಸ ಎಂದು ನೀವೂ ನಂಬಿದ್ದಿರಿ, ನಾನೂ ನಂಬಿದ್ದೆ.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ವೈದ್ಯರೊಬ್ಬರು ಎಂಡೋಸ್ಕೋಪಿ ಮಾಡಿ, ಎಲ್ಲ ಸರಿಯಿದೆ, ಬರೀ ಗ್ಯಾಸ್ ಎಂದರು. ಎರಡು ವರ್ಷ ಕಳೆದು ನೆಂಟರ ಬೀಗರೂಟದಲ್ಲಿ ಮಟನ್ ತುಂಡೊಂದು ಸಿಕ್ಕಿಕೊಂಡಿತು. ಎಂಜಲು ಕೂಡ ಇಳಿಯಲಿಲ್ಲ. ತಳ್ಳಲಿ ಎಂದು ಯಾರೋ ಬಾಳೆಹಣ್ಣು ತಿನ್ನಿಸಿದರು. ಹಾಗೆ ಮಾಡಲೇಬಾರದಂತೆ, ನೇರ ಆಸ್ಪತ್ರೆಗೆ ಹೋಗಬೇಕು. ಆ ರಾತ್ರಿ ತುಂಡನ್ನು ತೆಗೆದ ವೈದ್ಯರು ಅನ್ನನಾಳದ ಒಳಪದರದ ಚೂರುಗಳನ್ನು ಬಯಾಪ್ಸಿಗೆ ಕಳಿಸಿದರು. ಕಾಯಿಲೆಯ ಹೆಸರು ಇಯೊಸಿನೊಫಿಲಿಕ್ ಈಸೊಫಜೈಟಿಸ್.

ಇಯೊಸಿನೊಫಿಲ್ ಒಂದು ಬಗೆಯ ಬಿಳಿ ರಕ್ತಕಣ. ಆರೋಗ್ಯವಾಗಿರುವ ಅನ್ನನಾಳದಲ್ಲಿ ಅದು ಇರುವುದಿಲ್ಲ. ಯಾವುದೋ ಆಹಾರವನ್ನು ದೇಹ ಶತ್ರುವೆಂದು ಎಣಿಸಿದಾಗ ಅಲ್ಲಿ ಗುಂಪುಗೂಡುತ್ತದೆ. ಸೂಕ್ಷ್ಮದರ್ಶಕದ ಒಂದೇ ನೋಟದಲ್ಲಿ 15 ಅಥವಾ ಹೆಚ್ಚು ಕಂಡರೆ ಈ ಕಾಯಿಲೆಯ ಗುರುತು. ಹಾಗೇ ಬಿಟ್ಟರೆ ನಾಳ ಬಿರುಸಾಗಿ ಕಿರಿದಾಗುತ್ತದೆ. ಕಣ್ಣಿಗೆ ನಾಳ ಸರಿಯಾಗಿಯೇ ಕಾಣಬಹುದು. ಬಯಾಪ್ಸಿ ಬೇಕಾಗುವುದು ಅದಕ್ಕೇ. ಆಸ್ತಮಾ, ಮೂಗಿನ ಅಲರ್ಜಿ ಇರುವವರಲ್ಲಿ, ಅದರಲ್ಲೂ ಗಂಡಸರಲ್ಲಿ ಇದು ಹೆಚ್ಚು.

ಮೊದಲು ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟರು. ಸಾಲಲಿಲ್ಲ. ಆಮೇಲೆ, ಆಸ್ತಮಾದವರು ಉಸಿರಿನಲ್ಲಿ ಎಳೆದುಕೊಳ್ಳುವ ಬುಡೆಸೊನೈಡನ್ನು ಜೇನಿನಲ್ಲಿ ಕಲಸಿ ನುಂಗಲು ಹೇಳಿದರು. ನುಂಗಿದ ಅರ್ಧ ಗಂಟೆ ನೀರೂ ಕುಡಿಯುವಂತಿಲ್ಲ. ನೀರಾನೆಗೆ ಎಂಥ ಶಿಕ್ಷೆ ನೋಡಿ!

ಕಾರಣ ಹುಡುಕಲು ಹಾಲು, ಗೋಧಿ ಎರಡನ್ನೂ ಬಿಡಿಸಿದರು. ಆಮೇಲೆ ಒಂದೊಂದನ್ನೇ ಮರಳಿ ತಿನ್ನುವುದು, ಪ್ರತಿ ಸಲವೂ ಬಯಾಪ್ಸಿ. ಪ್ರೋಗ್ರಾಮಿನ ತಪ್ಪು ಹುಡುಕುವುದೂ ಹೀಗೆಯೇ, ಆದರೆ ಅಲ್ಲಿ ಗಂಟಲಿಗೆ ಪೈಪು ಇಳಿಸುವುದಿಲ್ಲ. ಚರ್ಮದ ಅಲರ್ಜಿ ಪರೀಕ್ಷೆ ಇದನ್ನು ನಂಬುವ ಹಾಗೆ ಹೇಳುವುದಿಲ್ಲ. ಕೊನೆಗೆ ಸಿಕ್ಕಿದ್ದು ಹಾಲು.

“ಹಸು ಕಟ್ಟಿರೋ ಮನೇಲಿ ಹುಟ್ಟಿ ಹಾಲು ಆಗಲ್ಲ ಅಂತೀಯಲ್ಲೋ” ಎಂದು ಅವ್ವ ಅತ್ತಳು. ತಾನು ಕುಡಿಸಿದ್ದೇ ತಪ್ಪಾಯಿತೇ ಎಂಬ ಸಂಕಟ ಅವಳಿಗೆ. ಯಾರ ತಪ್ಪೂ ಅಲ್ಲವೆಂದು ತಿಳಿಸಲು ಬಹಳ ದಿನ ಬೇಕಾಯಿತು. ಈಗ ಹಬ್ಬಕ್ಕೆ ಕಾಯಿಹಾಲಿನ ಪಾಯಸ ಮಾಡುತ್ತಾಳೆ. ಕಾಯಿಲೆ ಹೋಗಿಲ್ಲ, ಹಾಲು ಶುರುಮಾಡಿದರೆ ಮರಳುತ್ತದೆ.

ಮೇಷ್ಟ್ರುಗಳಲ್ಲಿ, ತಾಯಂದಿರಲ್ಲಿ ಒಂದು ಬೇಡಿಕೆ. ಎಲ್ಲರೂ ಎದ್ದ ಮೇಲೂ ತಟ್ಟೆಯ ಮುಂದೆ ಕೂತಿರುವ, ತುತ್ತುತುತ್ತಿಗೂ ನೀರು ಕೇಳುವ ಮಗುವನ್ನು ಗದರಬೇಡಿ. ನುಂಗಲು ಕಷ್ಟವೇನೋ ಎಂದು ಕೇಳಿ, ಹೌದೆಂದರೆ ಹೊಟ್ಟೆ ಕರುಳಿನ ವೈದ್ಯರಿಗೆ ತೋರಿಸಿ.

ಈಗ ಊಟಕ್ಕೆ ಹೊತ್ತಾಯಿತು. ಬಡಿಸುವವರೇ, ನನ್ನೆಲೆಗೆ ಮೊಸರು ಬೇಡ. ನಾನು ಏಳುವುದು ತಡವಾಗುತ್ತದೆ, ಎಲೆ ಎತ್ತಬೇಡಿ.