ಫ್ಯಾನಿನ ಅಪ್ಪಣೆ

ಬೆಳಗಾವಿಯ ಕುಂದಾ ಹುಟ್ಟಿದ್ದೇ ಮರೆವಿನಿಂದ ಎಂಬ ಐತಿಹ್ಯವೊಂದು ನಮ್ಮೂರಲ್ಲಿದೆ. ಒಲೆಯ ಮೇಲೆ ಹಾಲಿಟ್ಟು ಮರೆತ ಮಿಠಾಯಿಗಾರ ತಿರುಗಿ ಬಂದು ನೋಡುವಷ್ಟರಲ್ಲಿ ಅದು ಕೆಂಪಗೆ ಗಟ್ಟಿಯಾಗಿತ್ತಂತೆ. ಚೆಲ್ಲಲು ಮನಸ್ಸಾಗದೆ ಸಕ್ಕರೆ ಬೆರೆಸಿದನಂತೆ. ಕಥೆ ಹೇಗಾದರೂ ಇರಲಿ, ರುಚಿಯಂತೂ ನಿಜ. ಆದರೆ ಒಲೆಯ ಮುಂದಿನ ಮರೆವೆಲ್ಲ ಹೀಗೆ ಸಿಹಿಯಾಗಿ ಮುಗಿಯುವುದಿಲ್ಲವೆಂಬುದನ್ನು ನಾನು ಕಲಿತದ್ದು ನಿವೃತ್ತನಾದ ಮೇಲೆ, ಖಾನಾಪುರದಲ್ಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಬೆಳಗಾವಿಯಲ್ಲಿ ಖಾನಾವಳಿಯಿದೆ, ಖಾನಾಪುರದಲ್ಲಿ ಖವೆ ಕಾಯಿಸುವ ಭಟ್ಟಿಯಿದೆ. (ಪಂಪನನ್ನು ಓದಿದವನು ಹಾಲು ಕಾಯಿಸಬಾರದೆಂದೇನೂ ಇಲ್ಲವಷ್ಟೆ.) ಒಂದು ಜುಲೈ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೆ. ಖಾನಾಪುರದ ಮಳೆಯನ್ನು ಕಂಡವರಿಗೆ ಕಿಟಕಿಗಳೇಕೆ ಮುಚ್ಚಿದ್ದವೆಂದು ವಿವರಿಸಬೇಕಾಗಿಲ್ಲ. ಗ್ಯಾಸಿನ ನಾಲ್ಕು ಭಟ್ಟಿಗಳು, ಅವುಗಳ ಮೇಲೆ ತಗಡಿನ ಹೊಗೆಗೂಡು, ಅದರ ಕೊನೆಯಲ್ಲಿ ಗಾಳಿಯನ್ನು ಹೊರಕ್ಕೆಳೆಯುವ ಫ್ಯಾನು. ಅಂದು ಫ್ಯಾನಿನ ಬೆಲ್ಟು ಹರಿದಿತ್ತು. ಮೋಟರು ಮಾತ್ರ ತಿರುಗುತ್ತಲೇ ಇತ್ತು. ಅದರ ಸದ್ದು ಕೇಳಿ ಎಲ್ಲರೂ ನೆಮ್ಮದಿಯಿಂದಿದ್ದರು. ಹಾಲು ತಿರುವುತ್ತಿದ್ದ ಇಪ್ಪತ್ತರ ಹರೆಯದ ಹುಡುಗ ತಲೆ ಸಿಡಿಯುತ್ತದೆಂದವನು ಎರಡು ಹೆಜ್ಜೆ ಇಟ್ಟು ಕುಸಿದ. ಹೊರಗೆ ಹೊತ್ತು ತಂದೆವು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಬದುಕಿದ.

ಗಾಳಿ ಸಾಲದೆ ಉರಿಯುವ ಬೆಂಕಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವನ್ನು ಹಡೆಯುತ್ತದೆ. ಸಿಲಿಂಡರಿನ ಗ್ಯಾಸು ಸೋರಿದರೆ ತಿಳಿಯಲೆಂದು ಅದಕ್ಕೆ ದುರ್ವಾಸನೆ ಬೆರೆಸಿರುತ್ತಾರೆ; ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ.

ಅನಂತರ ಬೆಳಗಾವಿಯಿಂದ ಬಂದ ವಿದ್ಯುತ್ ಕೆಲಸಗಾರ ‘ಇಂಟರ್‌ಲಾಕ್’ ಜೋಡಿಸಿದ. ನಾನು ಅದನ್ನು ಅನ್ಯೋನ್ಯಬಂಧವೆಂದೆ; ಆತ ನಕ್ಕು ‘ಲಾಕಿಂಗ್’ ಎಂದ. ಈ ಕಲ್ಪನೆ ರೈಲಿನವರಿಗೆ ಹಳೆಯದು. 1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಇದಕ್ಕೆ ಪೇಟೆಂಟ್ ಪಡೆದ: ಹಳಿ ಸರಿಯಾಗಿ ಕೂಡದಿದ್ದರೆ ಕೈಮರದ ಸನ್ನೆಗೋಲು ಜಗ್ಗಿದರೂ ಅಲುಗದು. ಭಟ್ಟಿಯಲ್ಲಿ ಗ್ಯಾಸಿನ ಕೊಳವೆಗೆ ಸೊಲೆನಾಯ್ಡ್ ಕವಾಟ. ವಿದ್ಯುತ್ತು ಹರಿದರೆ ಮಾತ್ರ ತೆರೆಯುತ್ತದೆ, ತಪ್ಪಿದರೆ ಒಳಗಿನ ಸ್ಪ್ರಿಂಗು ಮುಚ್ಚಿಬಿಡುತ್ತದೆ. ಆ ವಿದ್ಯುತ್ತು ಫ್ಯಾನಿನ ಗುಂಡಿಯಿಂದ ಬರಕೂಡದು. ಬೆಲ್ಟು ಹರಿದದ್ದು ಗುಂಡಿಗೆ ಹೇಗೆ ತಿಳಿದೀತು? ಹೊಗೆಯ ದಾರಿಯಲ್ಲಿ ಗಾಳಿಯ ಒತ್ತಡದ ವ್ಯತ್ಯಾಸವನ್ನರಿಯುವ ಸ್ವಿಚ್ಚಿನ ಮೂಲಕ ಬರಬೇಕು. ಗಾಳಿ ನಿಜವಾಗಿ ಚಲಿಸಿದರೆ ಬೆಂಕಿಗೆ ಅಪ್ಪಣೆ. ವಿದ್ಯುತ್ ಒಲೆಗಳಾದರೆ ಕವಾಟದ ಬದಲು ಕಾಂಟ್ಯಾಕ್ಟರು, ಅಷ್ಟೆ.

ಇನ್ನೊಂದು ಸೂಕ್ಷ್ಮವಿದೆ. ಕರೆಂಟು ಹೋಗಿ ಉರಿ ಆರಿತೆನ್ನಿ. ಕರೆಂಟು ಮರಳಿದೊಡನೆ ಕವಾಟ ತಾನಾಗಿ ತೆರೆದರೆ, ತಿರುವಿಟ್ಟ ಒಲೆಗಳಿಂದ ಉರಿಯಿಲ್ಲದ ಗ್ಯಾಸು ಸುರಿಯುತ್ತದೆ. ಅದು ಗಾಳಿಗಿಂತ ಭಾರ. ನೆಲದಲ್ಲಿ ಹರಡಿಕೊಳ್ಳುವ ಅದನ್ನೆಲ್ಲ ಮೇಲಿನ ಹೊಗೆಗೂಡು ಎಳೆದೀತೆಂದು ನೆಚ್ಚುವಂತಿಲ್ಲ. ಆದುದರಿಂದ ಒಲೆಗಳನ್ನೆಲ್ಲ ಮುಚ್ಚಿ, ಮನುಷ್ಯನೇ ಬಂದು ಗುಂಡಿ ಒತ್ತಿದ ಮೇಲೆಯೇ ಅದು ತೆರೆಯಬೇಕು.

ಎರಡು ತಿಂಗಳ ಬಳಿಕ ಮತ್ತೆ ಹೋದೆ. ಪೆಟ್ಟಿಗೆಯೊಳಗೆ ಆ ಸ್ವಿಚ್ಚಿನ ಎರಡು ತುದಿಗಳನ್ನು ಗೇಣುದ್ದದ ಕೆಂಪು ತಂತಿಯೊಂದು ಕೂಡಿಸಿತ್ತು. ಗಾಳಿ ಇರಲಿ ಬಿಡಲಿ, ಈಗ ಅಪ್ಪಣೆ ಸದಾ ಸಿದ್ಧ! ನಳಿಕೆಯಲ್ಲಿ ಜಿಡ್ಡು ಕಟ್ಟಿ, ಫ್ಯಾನು ಸರಿಯಿದ್ದರೂ ಗ್ಯಾಸು ನಿಲ್ಲುತ್ತಿತ್ತಂತೆ. “ಸರ, ನಡಬರಕ ಉರಿ ಆರ್ತದರಿ. ಹಾಲು ಕೆಟ್ರ ಯಾರ್ನ ಕೇಳ್ಲಿರಿ?” ಎಂದ ಶಿಷ್ಯ.

ಅವನ ನಷ್ಟ ಸುಳ್ಳಲ್ಲ. ಹಾಲಿನ ಲೆಕ್ಕ ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ನಾನು 2023ರ ಜೂನ್ 2ರಂದು ಒಡಿಶಾದ ಬಾಲಾಸೋರ್ ಬಳಿ ನಡೆದ ರೈಲು ದುರಂತವನ್ನು ನೆನಪಿಸಿದೆ. ಸಿಗ್ನಲ್ ತಂತಿಗಳ ತಪ್ಪು ಜೋಡಣೆ ಅಲ್ಲಿ 290ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಶಿಷ್ಯ ಮಾತನಾಡಲಿಲ್ಲ.

ತಂತಿಯನ್ನು ಕಿತ್ತವನು ಅವನೂ ಅಲ್ಲ, ನಾನೂ ಅಲ್ಲ. ಮೇನ್ ಸ್ವಿಚ್ಚು ಆರಿಸಿ, ತಿರುಪುಳಿ ಹಿಡಿದು ಬಂದವನು ಅಂದು ಕುಸಿದಿದ್ದ ಹುಡುಗ. ಈಗ ವಾರಕ್ಕೊಮ್ಮೆ ನಳಿಕೆಯ ಜಿಡ್ಡು ತೆಗೆಯುವವನೂ ಅವನೇ. ಪೆಟ್ಟಿಗೆಯ ಕೀಲಿಯೂ ಅವನ ಬಳಿಯೇ ಇದೆ. ತಂತಿ ಕಿತ್ತ ದಿನ, ಜಿಡ್ಡು ತೆಗೆದು ಮುಗಿಯುವವರೆಗೆ ಭಟ್ಟಿ ಆರಿಯೇ ಇತ್ತು. ಒಂದು ಕಢಾಯಿ ಹಾಲು ಕೆಟ್ಟಿತು. ಅದು ಕುಂದಾ ಆಗಲಿಲ್ಲ, ಚೆಲ್ಲಿದರು.